ನೀಲವ್ವನ ಗಂಜಿ

ದೋಣಿಗೆ ಎಮ್ಮೆಯ ಹೆಸರಿಟ್ಟವಳು ನಾನೇ. ಈ ಸಂಗತಿ ನನ್ನ ಅತ್ತೆ ಬೇಬಿಯಮ್ಮನವರಿಗೆ ಬಹಳ ಕಾಲ ಗೊತ್ತಿರಲಿಲ್ಲ. ನೀಲವ್ವ ಅಂದರೆ ನಮ್ಮ ವಿಜಯಪುರದ ಕಡೆಯ ಯಾವುದೋ ದೇವತೆ ಇರಬೇಕೆಂದುಕೊಂಡು ಅವರು ದೋಣಿಯ ಮೂತಿಗೆ ಕುಂಕುಮ ಹಚ್ಚಿ, ಕೈ ಮುಗಿದು ಹತ್ತಿದರು. ನಾನು ತಿದ್ದಲು ಹೋಗಲಿಲ್ಲ. ಕೈ ಮುಗಿಸಿಕೊಳ್ಳುವ ಯೋಗ್ಯತೆ ನಮ್ಮ ಎಮ್ಮೆಗೂ ಇತ್ತು.

ಹೆಸರಿನಲ್ಲಿ ಮಾತ್ರವಲ್ಲ, ಈ ದೋಣಿ ಉಳಿದ ವಿಷಯದಲ್ಲೂ ಎಮ್ಮೆಯೇ. ಉಸಿರಾಡುತ್ತಿತ್ತು, ತಿನ್ನುತ್ತಿತ್ತು, ಪೆಟ್ಟಾದರೆ ತಾನೇ ವಾಸಿ ಮಾಡಿಕೊಳ್ಳುತ್ತಿತ್ತು. ಬಂಡೆಗೆ ಅಂಟಿಕೊಂಡು ಬದುಕುವ ಹಸಿರು ಚಿಪ್ಪಿನ ಪಚ್ಚಿಲೆಯನ್ನು ನೀವು ಕಂಡಿರಬಹುದು, ಹುರಿದು ತಿಂದೂ ಇರಬಹುದು. ಆ ಪುಟ್ಟ ಜೀವಿ ಯಾರ ಸಹಾಯವೂ ಇಲ್ಲದೆ ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಕಟ್ಟುವ ಕೆಲಸ ಮಾಡುವುದು ಅದರ ಮೈಗೆ ಹೊದಿಸಿದಂತಿರುವ ತೆಳ್ಳನೆಯ ಪೊರೆ. ಅಷ್ಟು ಪೊರೆಯನ್ನು ಮಾತ್ರ ಬೆಳೆಸಿ, ನಲವತ್ತಡಿ ಉದ್ದದ ಚೌಕಟ್ಟಿನ ಮೇಲೆ ಹಬ್ಬಿಸಿದರೆ ಏನಾದೀತು ಎಂದು ಒಂದು ದಿನ ನಾವು ಕೇಳಿಕೊಂಡೆವು. ಉತ್ತರ ಹುಡುಕಲು ಗಂಗೊಳ್ಳಿಯ ಅಳಿವೆಯ ಪಕ್ಕದಲ್ಲಿ ಜೀವಚಿಪ್ಪು ಕೇಂದ್ರ ಎದ್ದು ನಿಂತಿತು. ನಾನು ಅಲ್ಲಿನ ಹಿರಿಯ ವಿಜ್ಞಾನಿ, ಮಹಾನಂದಾ.

ಚೌಕಟ್ಟನ್ನು, ಕಲ್ಲು ಕರಗಿಸಿ ಎಳೆದ ನಾರಿನ ಬಲೆಯಿಂದ ನೇಯ್ದವನು ನನ್ನ ಗಂಡ ಚಂದ್ರಹಾಸ. ಟ್ರಾಲ್ ಬೋಟು ನಡೆಸುವ ತಾಂಡೇಲನಾಗಿದ್ದವನು, ಬಲೆ ನೇಯುವ ಕೈ. ನಾನು ಬಿತ್ತಿದ ಪೊರೆ ಆ ಬಲೆಯ ಮೇಲೆ ಮೂರು ವರ್ಷ ಹೊಳೆಯಲ್ಲಿ ಮುಳುಗಿ ಬೆಳೆಯಿತು. ಒಳಗೂ ಹೊರಗೂ ಚಿಪ್ಪು ಕಟ್ಟಿ, ನಡುವೆ ತಾನು ಬೆಚ್ಚಗೆ ಕುಳಿತುಕೊಂಡಿತು. ನಮ್ಮ ಮಗಳು ಇಂಚರ ಶಾಲೆಯಿಂದ ಬಂದವಳೇ ಹೊಳೆಗಿಳಿದು ಅದರ ಬೆನ್ನು ಉಜ್ಜುತ್ತಿದ್ದಳು. ಒಂದು ದಿನ ಅದನ್ನು ಮೇಲೆತ್ತಿ, ಹಾಯಿಕಂಬ ನಿಲ್ಲಿಸಿ, ಅಡುಗೆಮನೆ ಕಟ್ಟಿದೆವು. ಆಗ ಚಂದ್ರಹಾಸ ತನ್ನ ಬಹುದಿನದ ಆಸೆಯನ್ನು ಹೊರಗೆ ಹಾಕಿದ. ಮೂಡಣ ಗಾಳಿ ಹಿಡಿದು ಮಿನಿಕಾಯ್, ಸೇಶೆಲ್ಸ್ ದಾಟಿ ಜಾಂಜಿಬಾರಿಗೆ ಹೋಗಬೇಕು, ಮನೆಮಂದಿಯೆಲ್ಲ ಹೋಗಬೇಕು, ಎಂಜಿನ್ನಿಗೆ ಕೈ ಹಚ್ಚಬಾರದು.

ಮನೆಮಂದಿಯೆಲ್ಲ ಅಂದರೆ ನನ್ನನ್ನು ಬಿಟ್ಟು. ಜೆಟ್ಟಿಯ ಮೇಲೆ ನಿಂತು ನೀರು ನೋಡಿದರೂ ನನ್ನ ಹೊಟ್ಟೆ ತೊಳಸುತ್ತದೆ.

"ಎಂತ ಹೆಣ್ಣೇ, ನೀ ಬತ್ತಿಲ್ಯಾ?" ಅತ್ತೆ ಹೊರಡುವ ದಿನವೂ ಬಿಡಲಿಲ್ಲ. "ದೋಣಿ ಬೆಳ್ಸದಳಿಗೆ ದೋಣಿ ಆತಿಲ್ಲ ಅಂದ್ರೆ ಕಂಡರ್ ನಗಾಡುದಿಲ್ಯಾ?"

"ನಗ್ಲಿ ಬಿಡ್ರಿ ಅತ್ತೀ. ದಂಡಿ ಮ್ಯಾಲ ಕುಂತು ಕಾಯಾವ್ರು ಒಬ್ರರ ಬೇಕಲ್ಲ."

ಕಾಯುವುದು ಸುಳ್ಳು ನೆಪವಾಗಿರಲಿಲ್ಲ. ದೋಣಿ ನಮ್ಮದು, ಆದರೆ ಅದರ ಜೀವ ತೆಗೆಯುವ ಗುಂಡಿ ಕೇಂದ್ರದ್ದು. ಜೀವವಿರುವುದಕ್ಕೆ ಕಾಯಿಲೆಯೂ ಬರುತ್ತದಲ್ಲ. ಪೊರೆ ಸತ್ತು ಕೊಳೆತರೆ ಅದರ ಮೇಲಿನ ಚಿಪ್ಪು ನೆನೆದ ಹಪ್ಪಳದ ಹಾಗೆ ಮೆತ್ತಗಾಗಿ, ದೋಣಿ ಒಡೆಯುತ್ತದೆ. ಅದಕ್ಕೇ ಗೋಡೆಯೊಳಗೆ ಉದ್ದಕ್ಕೂ ಕಾವಿನ ತಂತಿ ಎಳೆದಿದ್ದೆವು. ಪೊರೆ ಸಾಯುವ ಮೊದಲೇ ದಡದಿಂದ ಗುಂಡಿ ಒತ್ತಿದರೆ ತಂತಿ ಬಿಸಿಯಾಗಿ ಇಡೀ ದೋಣಿಯನ್ನು ಬೇಯಿಸಿಬಿಡುತ್ತದೆ. ಬೆಂದ ಪೊರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ದೋಣಿ ಸಾಯುತ್ತದೆ, ಒಳಗಿನವರು ಬದುಕುತ್ತಾರೆ. ಆದರೆ ತಡವಾಗಿ ಒತ್ತಿದರೆ ಪ್ರಯೋಜನವಿಲ್ಲ, ಕೊಳೆತದ್ದು ಬೇಯುವುದಿಲ್ಲ. ಆ ಗುಂಡಿ ಇದ್ದದ್ದು ನನ್ನ ಮೇಜಿನ ಮೇಲೆ, ಗಾಜಿನ ಮುಚ್ಚಳದ ಕೆಳಗೆ.

ನೀಲವ್ವ ಅಳಿವೆ ದಾಟಿ ಹೋದ ಮೇಲೆ ನನ್ನ ಸಂಸಾರವೆಲ್ಲ ನಿಯಂತ್ರಣ ಕೊಠಡಿಯ ಪರದೆಗೆ ಬಂದು ಕೂತಿತು. ಎಡ ಮಗ್ಗುಲಿನ ಉಸಿರಿಗೆ ಒಂದು ಗೆರೆ, ಬಲ ಮಗ್ಗುಲಿನದಕ್ಕೆ ಇನ್ನೊಂದು. ನನ್ನ ಜೊತೆ ಗೆರೆ ಕಾಯುತ್ತಿದ್ದವಳು ಫರ್ಹಾನಾ, ಗಂಗೊಳ್ಳಿಯವಳೇ, ಕಣ್ಣು ಬಹಳ ಚುರುಕು. ನಿರ್ದೇಶಕ ಡಾ. ಹಂದೆಯವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಕನ್ನಡಕ ಏರಿಸಿ ನೋಡಿ ಹೋಗುತ್ತಿದ್ದರು.

ಮೊದಲ ವಾರದಲ್ಲೇ ಫರ್ಹಾನಾ ಒಂದು ವಿಚಿತ್ರ ಗುರುತಿಸಿದಳು. ದಿನಾ ಬೆಳಿಗ್ಗೆ ಎರಡೂ ಗೆರೆಗಳು ಒಂದಿಷ್ಟು ಹೊತ್ತು ಮೇಲೆದ್ದು, ಆಮೇಲೆ ಇಳಿಯುತ್ತಿದ್ದವು. ನೀಲವ್ವ ತನ್ನ ರಂಧ್ರಗಳನ್ನೆಲ್ಲ ಅಗಲಿಸಿ ಜೋರಾಗಿ ಉಸಿರೆಳೆದುಕೊಂಡ ಹಾಗೆ. ಫರ್ಹಾನಾ ಅದಕ್ಕೆ ಬೆಳಗಿನ ಡುಬ್ಬ ಎಂದು ಹೆಸರಿಟ್ಟಳು. ಬಿಸಿಲು ನೀರಿಗೆ ತಾಗುವುದರಿಂದ ಡುಬ್ಬ ಏಳುತ್ತದೆ ಎಂದು ಹಂದೆಯವರು ಹೇಳಿದರು. ಪಾಚಿಯ ಕಣಗಳು ಬೆಳಿಗ್ಗೆ ಮೇಲೆ ಬರುವುದರಿಂದ ಎಂದು ನಾನು ವಾದಿಸಿದೆ. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಆ ವಿಷಯದ ಮೇಲೆ ಪ್ರಬಂಧ ಬರೆಯಲು ಶುರುಮಾಡಿದ್ದೆವು. ಮೋಡ ಕವಿದ ದಿನವೂ ಡುಬ್ಬ ಏಳುತ್ತದಲ್ಲ ಸರ್ ಎಂದು ಫರ್ಹಾನಾ ಕೇಳಿದ್ದಕ್ಕೆ ಇಬ್ಬರೂ ಕಿವಿಗೊಡಲಿಲ್ಲ.

ಡುಬ್ಬ ಇಳಿದ ಮೇಲೆ ಮನೆಯವರ ಕರೆ ಬರುತ್ತಿತ್ತು. ಚಂದ್ರಹಾಸ ಗಡ್ಡ ಬಿಟ್ಟಿದ್ದ, ಅದು ಅವನಿಗೆ ಒಪ್ಪುತ್ತಿರಲಿಲ್ಲ, ಹೇಳಿದರೆ ಕೇಳುತ್ತಿರಲಿಲ್ಲ.

"ಕಾಣ್ ನಂದಾ, ಹೆಂಗೆ ಓಡ್ತಾ ಇತ್ತ್ ಅಂದೇಳಿ! ಗಾಳಿ ಎಡದ ಬದಿಯಿಂದ ಒಂದೇ ಸಮ. ಮಿನಿಕಾಯ್ ಬಿಟ್ಟ್ ಮೇಲೆ ಹಾಯಿ ಮುಟ್ಟುಕೇ ಇಲ್ಲ. ಬಲಕ್ಕೆ ವಾಲ್ಕಂಡ್ ಕೂತಿತ್, ಹಾಂಗೇ ಹೋತಿತ್."

"ಹಂಗ ವಾಲಿದ್ರ ನೀವು ನಿದ್ದಿ ಹೆಂಗ ಮಾಡ್ತೀರಿ?"

"ಅಬ್ಬಿ ಎಡದ್ ಮಂಚದಲ್ಲ್ ಮಲ್ಕಂಡ್ ಬಲದ್ ಮಂಚದಲ್ಲ್ ಏಳ್ತ್ಳ್."

ಹಿಂದಿನಿಂದ ಅವನ ಅಬ್ಬಿಯ, ಅಂದರೆ ನನ್ನ ಅತ್ತೆಯ, ಬೈಗುಳ ಕೇಳಿಸುತ್ತಿತ್ತು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದ ಹೆಂಗಸು ಅವರು; ವಾಲುವ ನೆಲ ಅವರಿಗೆ ಲೆಕ್ಕಕ್ಕಿಲ್ಲ. ದೋಣಿಯಲ್ಲೂ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಒಣಮೀನು ಬೆಳಗಿನ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು. ಇಂಚರ ಮಾತ್ರ ಗೋಡೆಗೆ ಕಿವಿ ಹಚ್ಚಿ ಕುಳಿತಿರುತ್ತಿದ್ದಳು. "ಅಮ್ಮಾ, ನೀಲವ್ವನ ಹೊಟ್ಟೆ ಗುರುಗುರು ಅಂತಾ ಇತ್ತ್" ಎನ್ನುತ್ತಿದ್ದಳು. ಅವರನ್ನು ನೋಡುತ್ತ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಪ್ರೀತಿ ಉಕ್ಕುತ್ತಿತ್ತು, ಜೊತೆಗೆ ಪರದೆಯ ಅಲುಗಾಟಕ್ಕೇ ವಾಕರಿಕೆಯೂ ಬರುತ್ತಿತ್ತು.

ಸೇಶೆಲ್ಸಿಗೆ ಇನ್ನೂ ಒಂದು ವಾರದ ದಾರಿ ಇರುವಾಗ ಬಲ ಮಗ್ಗುಲಿನ ಗೆರೆ ಇಳಿಯತೊಡಗಿತು.

ಮೊದಲು ಫರ್ಹಾನಾ ಮಾಪಕ ಕೆಟ್ಟಿರಬೇಕು ಅಂದಳು. ಮಾಪಕ ಕೆಟ್ಟಿರಲಿಲ್ಲ. ಮರುದಿನ ಗೆರೆ ಇನ್ನಷ್ಟು ಇಳಿಯಿತು. ಬೆಳಗಿನ ಡುಬ್ಬ ಎಡಗಡೆ ಎಂದಿನಂತೆ ಎದ್ದರೂ ಬಲಗಡೆ ಏಳುತ್ತಿರಲಿಲ್ಲ. ಯಾವುದೋ ಸೋಂಕು ಎಂದು ನಾವು ತೀರ್ಮಾನಿಸಿದೆವು. ಅಡುಗೆಮನೆಯ ನೆಲದಲ್ಲಿ ನೀಲವ್ವನ ಊಟದ ತೊಟ್ಟಿಯಿತ್ತು. ಪಾಚಿಯ ರಸ, ಸುಣ್ಣದ ಸತ್ವ, ಲವಣ ಎಲ್ಲ ಅದರಲ್ಲಿ ತುಂಬಿ, ಅಲ್ಲಿಂದ ಎರಡೂ ಮಗ್ಗುಲಿಗೆ ಸಣ್ಣ ಕಾಲುವೆಗಳ ಮೂಲಕ ಹರಿಯುತ್ತಿತ್ತು. ಆ ತೊಟ್ಟಿಗೇ ಔಷಧಿ ಹಾಕಿಸಿದೆವು. ಏನೂ ಆಗಲಿಲ್ಲ. ಔಷಧಿಯ ಪ್ರಮಾಣ ಹೆಚ್ಚಿಸಿದೆವು. ಎಡ ಮಗ್ಗುಲು ಅಮಲೇರಿದಂತೆ ಆಡಿತು, ಬಲ ಮಗ್ಗುಲು ಅಲುಗಲಿಲ್ಲ.

ಒಂದು ಮಧ್ಯಾಹ್ನ ಹಂದೆಯವರು ಬಂದು ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತರು. ಅವರು ಕೂತು ಮಾತಾಡುವುದು ಅಪರೂಪ.

"ಮಹಾನಂದಾ, ನೋಡಿ. ಉಸಿರು ಅರ್ಧಕ್ಕಿಂತ ಕೆಳಗೆ ಬಂತು. ಇನ್ನು ನಾಳೆವರೆಗೆ ಕಾದ್ರೆ ಬೇಯಿಸಿದ್ರೂ ಗಟ್ಟಿಯಾಗ್ಲಿಕ್ಕಿಲ್ಲ. ನಿಮ್ಮ ಮಗು ಉಂಟಲ್ಲ ಅದರಲ್ಲಿ."

"ಗೊತ್ತೈತಿ ಸರ್."

"ನೀಲವ್ವ ಹೋದ್ರೆ ಜೀವಂತ ದೋಣಿ ಅನ್ನುವ ಮಾತೇ ಮುಗೀತು, ಅದು ನನಗೂ ಗೊತ್ತುಂಟು. ಮತ್ತೆ ಯಾರೂ ಇದಕ್ಕೆ ಒಪ್ಪುವುದಿಲ್ಲ. ಆದ್ರೂ ಒತ್ತಲೇಬೇಕು. ಸೂರ್ಯ ಮುಳುಗುವುದರೊಳಗೆ ನೀವೇ ಒತ್ತಿ. ನಿಮ್ಮಿಂದ ಆಗದಿದ್ರೆ ನಾನು ಒತ್ತುತ್ತೇನೆ."

ಅವರು ಕೆಟ್ಟವರಲ್ಲ. ಹೇಳುವಾಗ ಅವರ ದನಿಯೇ ಒಡೆದಿತ್ತು. ನಾನು ದೋಣಿಗೆ ಕರೆ ಮಾಡಿದೆ.

ಚಂದ್ರಹಾಸ ಪೂರ್ತಿ ಕೇಳಿಸಿಕೊಂಡ. ಎದ್ದು ಹೋಗಿ ಬಲಗಡೆಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಬೆರಳು ಚೂರು ಒಳಗೆ ಹೋಯಿತು. ಅದನ್ನು ನಾನೂ ಪರದೆಯಲ್ಲಿ ಕಂಡೆ.

"ಹೌದ್ ಮಾರಾಯ್ತಿ, ಮೆತ್ತಗಾಯ್ತ್" ಅಂದ. "ನೀ ಒತ್ತುದಾದ್ರೆ ಒತ್ತ್. ಬೇಯು ಹೊತ್ತಲ್ಲ್ ನಾವ್ ತೆಪ್ಪದಲ್ಲ್ ಕೂಕಂತೊ. ಹೆದ್ರ್‌ಬೇಡ." ಅವನಿಗೆ ಹೆದರಿಕೆಯಾದಾಗಲೆಲ್ಲ ನನಗೆ ಹೆದರಬೇಡ ಎನ್ನುತ್ತಾನೆ.

ಇಂಚರ ಕೇಳಿಸಿಕೊಂಡಿದ್ದಳು. ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತುಬಿಟ್ಟಳು. "ಬೇಯ್ಸುದಾ? ನೀಲವ್ವನ್ನ? ಅಮ್ಮಾ, ಅದಕ್ಕೆ ಜೀವ ಇತ್ತಲ್ದಾ? ಹುಷಾರಿಲ್ಲ ಅಂದ್ರೆ ಬೇಯ್ಸುದಾ?"

ಮಗಳನ್ನು ಕಾಪಾಡಲು ಮಗಳ ಎದುರೇ ಕೊಲ್ಲಬೇಕಾಗಿತ್ತು. ಮೂರು ವರ್ಷ ನಾನೇ ಕೈಯಾರೆ ಬೆಳೆಸಿದ್ದು ಬೇರೆ. ಅತ್ತೆ ಎಲ್ಲಿ ಎಂದು ನೋಡಿದೆ. ಅವರು ಅಡುಗೆಮನೆಯ ಮೂಲೆಯಲ್ಲಿ ಸೆರಗು ಬಾಯಿಗೆ ಹಿಡಿದು ಕುಳಿತಿದ್ದರು. ಬೇಬಿಯಮ್ಮ ಬಾಯಿ ಮುಚ್ಚಿ ಕುಳಿತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅವರ ಆ ಮುಖ ನೋಡಿ ನನಗೆ ನಮ್ಮೂರ ಕೊಟ್ಟಿಗೆ ನೆನಪಾಯಿತು. ನಾನು ಸಣ್ಣವಳಿದ್ದಾಗ ಮೊದಲನೆಯ ನೀಲವ್ವ ಹೊಟ್ಟೆಯುಬ್ಬರಿಸಿ ಬಿದ್ದಿತ್ತು. ದೃಷ್ಟಿಯಾಗಿದೆ ಎಂದು ಒಬ್ಬರು, ಹಾವು ಮುಟ್ಟಿದೆ ಎಂದು ಇನ್ನೊಬ್ಬರು. ದನದ ಡಾಕ್ಟರು ಚನಬಸಪ್ಪನವರು ಸೈಕಲ್ ಇಳಿದವರು ಎಮ್ಮೆಯನ್ನು ಮುಟ್ಟಲೇ ಇಲ್ಲ. ಸುತ್ತ ನಿಂತ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, "ಇದಕ್ಕ ಯಾರು ಏನು ತಿನಸೀರಿ?" ಎಂದು ಕೇಳಿದರು. ಎಲ್ಲರೂ ಇಲ್ಲ ಇಲ್ಲ ಎಂದರು. ನಮ್ಮ ಅಜ್ಜಿ ಮಾತ್ರ ಸೆರಗು ಬಾಯಿಗೆ ಹಿಡಿದಿದ್ದಳು. ಮದುವೆಮನೆಯಲ್ಲಿ ಉಳಿದ ಗೋಧಿಹುಗ್ಗಿಯನ್ನು, ಪಾಪ, ಅದೂ ಉಣ್ಣಲಿ ಎಂದು, ಅವಳೇ ಬಕೆಟ್ಟುಗಟ್ಟಲೆ ತಿನ್ನಿಸಿದ್ದಳು.

ನಮ್ಮ ಕೊಠಡಿಯಲ್ಲಿ ಇಷ್ಟು ಜನ ಓದಿದವರಿದ್ದೆವು. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತೊಟ್ಟಿಗೆ ಏನು ಹಾಕಬೇಕೆಂದು ಹೇಳಿದವರು ನಾವೇ. ಅದನ್ನಷ್ಟೇ ಹಾಕಿರುತ್ತಾರೆ ಎಂದು ನಂಬಿದವರೂ ನಾವೇ.

"ಅತ್ತೀ," ಎಂದೆ. "ಖರೇ ಹೇಳ್ರಿ. ನಾ ಸಿಟ್ಟಾಗೂದಿಲ್ಲ. ನೀಲವ್ವಗ ಏನ್ ತಿನಸೀರಿ?"

ಚಂದ್ರಹಾಸ ಅಮ್ಮನ ಕಡೆ ತಿರುಗಿದ. ಅತ್ತೆಯ ಕಣ್ಣಿಂದ ನೀರು ಇಳಿಯಿತು.

"ಒಂದ್ ಸೌಟ್ ಗಂಜಿ ಹೊಯ್ದೆ ಮಗಾ. ದಿನಾ ಬೆಳಿಗ್ಗೆ. ನಮ್ಮನ್ನೆಲ್ಲ ಹೊತ್ಕಂಡ್ ಹೋಪದ್ ಅದ್. ನಾವ್ ಬಿಸಿ ಗಂಜಿ ಉಂಡ್ ಅದಕ್ಕೆ ಬರೀ ಮದ್ದ್ ಕೊಡುದಾ? ನಂಗೆ ಗಂಟಲಲ್ಲ್ ಇಳೀಲಿಲ್ಲ. ಮೊದಲ್ ಅದಕ್ಕೆ ಹೊಯ್ದ್, ಕಡೀಕೆ ನಾವ್ ಉಂಬುದ್."

ಫರ್ಹಾನಾ ನಿಧಾನವಾಗಿ ಕೈ ಚಾಚಿ ಪರದೆಯ ಮೇಲಿನ ಬೆಳಗಿನ ಡುಬ್ಬವನ್ನು ತೋರಿಸಿದಳು. ಹಂದೆಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎರಡು ಪ್ರಬಂಧಗಳು ಅಲ್ಲೇ ನೀರುಪಾಲಾದವು.

"ಬರೀ ತಿಳಿ ಹಾಕಿದ್ರೋ, ಅಗಳೂ ಬೀಳ್ತಿತ್ತೋ?" ಎಂದು ನಾನು ಕೇಳಿದೆ.

"ಅಗಳ್ ಇಲ್ದೆ ಅದ್ ಗಂಜಿ ಆತ್ತಾ ಹೆಣ್ಣೇ?"

ಅಷ್ಟು ಸಾಕಾಯಿತು. ಚಿಪ್ಪಿನ ಪೊರೆಗೆ ಒಂದು ಹುಟ್ಟುಗುಣವಿದೆ. ಮೈಯೊಳಗೆ ಮರಳಿನ ಕಣ ಹೊಕ್ಕರೆ ಅದನ್ನು ಹೊರಗೆ ತಳ್ಳಲು ಬರುವುದಿಲ್ಲ. ಸುತ್ತಲೂ ನುಣುಪಾದ ಪದರ ಸುತ್ತುತ್ತ ಹೋಗುತ್ತದೆ. ಜನ ಅದಕ್ಕೆ ಮುತ್ತು ಎನ್ನುತ್ತಾರೆ. ಕಡಲಿನ ಚಿಪ್ಪಿಗೆ ವರ್ಷ ಹಿಡಿಯುವ ಕೆಲಸವನ್ನು ವಾರಗಳಲ್ಲಿ ಮುಗಿಸುವಂತೆ ನೀಲವ್ವನ ಪೊರೆಯನ್ನು ನಾವೇ ಚುರುಕು ಮಾಡಿದ್ದೆವು. ಬಲಕ್ಕೆ ವಾಲಿದ ದೋಣಿಯಲ್ಲಿ ಅಗಳೆಲ್ಲ ಬಲಗಡೆಯ ಕಾಲುವೆಯ ಬಾಯಿಗೇ ಉರುಳಿರಬೇಕು. ಒಂದೊಂದು ಅಗಳಿಗೂ ನೀಲವ್ವ ಮುತ್ತು ಕಟ್ಟಿ, ತನ್ನ ಗಂಟಲನ್ನು ತಾನೇ ಮುಚ್ಚಿಕೊಂಡಿತ್ತು. ಬಲ ಮಗ್ಗುಲಿಗೆ ಬಂದದ್ದು ಸೋಂಕಲ್ಲ, ಹಸಿವು. ನಾವು ಸುರಿದ ಔಷಧಿಯೂ ಆ ಕಡೆ ಹೋಗಿರಲಿಲ್ಲ. ತೊಟ್ಟಿಯಿಂದ ಎಷ್ಟು ಹೊರಟಿತು ಎನ್ನುವುದಕ್ಕೆ ಮಾಪಕವಿತ್ತು, ಎಲ್ಲಿ ಮುಟ್ಟಿತು ಎನ್ನುವುದಕ್ಕೆ ಇರಲಿಲ್ಲ. ಆ ಬುದ್ಧಿ ನನ್ನದೇ.

"ಕಾಲುವಿ ಬಾಯಿ ಕೊಯ್ಯಬೇಕು," ಎಂದೆ. "ತೊಟ್ಟಿ ಬಲಕ್ಕ, ಒಳಗಿನ ಗ್ವಾಡಿ. ಹೊರಗಿನ ಚಿಪ್ಪಿಗೆ ತಾಗಿಸ್ಬ್ಯಾಡ, ನೀರು ಬರ್ತೈತಿ."

ಹಂದೆಯವರು ತಡೆಯಲಿಲ್ಲ. ಆದರೆ ಅವರ ದೃಷ್ಟಿ ಕಿಟಕಿಯ ಆಚೆ ಇತ್ತು. ಅಳಿವೆಯ ಮೇಲೆ ಸೂರ್ಯ ಕೆಂಪಾಗುತ್ತಿದ್ದ.

ಚಂದ್ರಹಾಸ ಸಣ್ಣ ಗರಗಸ ತಂದ. ಬೇಯಿಸುವ ಹೊತ್ತು ಬಂದರೆ ತಯಾರಿರಲಿ ಎಂದು ಇಂಚರಳಿಗೆ ತೇಲುಕವಚ ತೊಡಿಸಿ, ದೋಣಿಗೆ ಕಟ್ಟಿದ ತೆಪ್ಪದಲ್ಲಿ ಕೂರಿಸಿದರು. ಅವಳು ಅಲ್ಲಿಂದಲೇ "ಅಪ್ಪಾ ಮೆಲ್ಲಗೆ, ಅದಕ್ಕೆ ನೋತ್ತ್" ಎಂದು ಕೂಗುತ್ತಿದ್ದದ್ದು ಕೇಳುತ್ತಿತ್ತು. ಅತ್ತೆಯನ್ನೂ ತೆಪ್ಪಕ್ಕೆ ಹೋಗೆಂದರೆ ಅವರು ಜಪ್ಪಯ್ಯ ಎನ್ನಲಿಲ್ಲ. ಕೊಯ್ಯುವ ಜಾಗದ ಪಕ್ಕದಲ್ಲಿ ಗೋಡೆಯ ಮೇಲೆ ಅಂಗೈ ಇಟ್ಟು ಕುಳಿತರು. ಹೆರಿಗೆಗೆ ಕುಳಿತ ಹೆಂಗಸಿನ ಹಾಗೆ ಅವರ ಹಣೆ ಬೆವರುತ್ತಿತ್ತು.

ಚಿಪ್ಪು ಒಂದು ಬಿಲ್ಲೆಯಾಗಿ ಬಿಟ್ಟಿತು. ಒಳಗೆ ಹಸಿರು ಮಿಶ್ರಿತ ಬಿಳಿಯ ಪೊರೆ, ಅದರ ನಡುವೆ ಕಾಲುವೆಯ ಬಾಯಿ. ಬಾಯಿ ತುಂಬ ಮುತ್ತು.

ಎಲ್ಲವೂ ಅಕ್ಕಿಯ ಆಕಾರದವು, ಉದ್ದಕ್ಕೆ, ತುದಿ ಚೂಪಾಗಿ. ಕೆಲವು ಪೂರ್ತಿ ಹೊಳೆಯುತ್ತಿದ್ದವು. ಕೆಲವು ಅರ್ಧ ಮಾತ್ರ ಮುಚ್ಚಿ, ಉಳಿದರ್ಧದಲ್ಲಿ ಕುಚ್ಚಲಕ್ಕಿಯ ಕೆಂಪು ಗೆರೆ ಇನ್ನೂ ಕಾಣುತ್ತಿತ್ತು. ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಬಿರಡೆಯಾಗಿದ್ದವು.

ಚಂದ್ರಹಾಸನ ಬೆರಳು ದಪ್ಪ, ಒಳಗೆ ಹೋಗಲಿಲ್ಲ. ಚಾಕು ಹಾಕಿದರೆ ಪೊರೆ ಹರಿಯುತ್ತಿತ್ತು. ಅತ್ತೆ ಮಗನನ್ನು ಪಕ್ಕಕ್ಕೆ ಸರಿಸಿ, ಅದೇ ಗಂಜಿಯ ಸೌಟಿನ ಹಿಡಿ ಹಾಕಿ ಮೆಲ್ಲನೆ ಮೀಟಿದರು. ಮುತ್ತಿನ ಬಿರಡೆ ಸಡಿಲಿತು. ಆಮೇಲೆ ಸೌಟು ತಿರುಗಿಸಿ ಮೊಗೆದು ಮೊಗೆದು ತಟ್ಟೆಗೆ ಹಾಕಿದರು. ಹಾಕುವಾಗ ಒಂದೇ ಮಾತು ಹೇಳುತ್ತಿದ್ದರು: "ತಪ್ಪಾಯ್ತ್ ಮಗಳೇ. ನಂಗೆ ಗೊತ್ತಾಯ್ಲಿಲ್ಲ. ತಪ್ಪಾಯ್ತ್ ಮಗಳೇ."

ಕಾಲುವೆಯಲ್ಲಿ ಪಾಚಿಯ ರಸ ಮತ್ತೆ ಹರಿಯತೊಡಗಿತು. ಆದರೆ ಬಲ ಮಗ್ಗುಲಿನ ಗೆರೆ ಇದ್ದಲ್ಲೇ ಇತ್ತು.

ಗಂಗೊಳ್ಳಿಯಲ್ಲಿ ಸೂರ್ಯ ಮುಳುಗಿದ.

ಹಂದೆಯವರು ಎದ್ದು ನನ್ನ ಮೇಜಿನ ಬಳಿ ಬಂದರು. ಗಾಜಿನ ಮುಚ್ಚಳ ಎತ್ತಿದರು. "ಮಹಾನಂದಾ," ಎಂದರು. ಅಷ್ಟೇ.

ನಾನು ಪರದೆ ನೋಡಿದೆ. ಕ್ಯಾಮೆರಾ ಹಿಡಿದುಕೊಂಡು ಅಡುಗೆಮನೆಯಿಂದ ಹೊರಗೆ ಬಂದಿದ್ದ ಚಂದ್ರಹಾಸನ ಗಡ್ಡದ ಮೇಲೆ ಹಳದಿ ಬಿಸಿಲು ಬಿದ್ದಿತ್ತು.

"ಸರ್, ಸೂರ್ಯ ಮುಳುಗೂದ್ರೊಳಗ ಅಂದ್ರಿ. ಯಾವ ಊರಿನ ಸೂರ್ಯ ಅಂತ ಹೇಳಿಲ್ಲ. ಅವ್ರು ನಮಗಿಂತ ಪಡುವಣಕ್ಕ ಅದಾರ. ಅಲ್ಲಿನ್ನೂ ಬಿಸಲ ಐತಿ."

ಹಂದೆಯವರು ನನ್ನನ್ನು ದುರುಗುಟ್ಟಿ ನೋಡಿದರು. ಹಟಮಾರಿ ಹೆಂಗಸು ಎಂದು ಅವರು ನನ್ನನ್ನು ಹಿಂದೆಯೂ ಕರೆದದ್ದುಂಟು. ಆಮೇಲೆ ಬಿಸಿಲು ಬಿದ್ದ ಆ ಗಡ್ಡವನ್ನು ನೋಡಿದರು.

"ಆ ಸೂರ್ಯ ಮುಳುಗುವವರೆಗೆ. ಮತ್ತೆ ಒಂದು ಗಳಿಗೆ ಕೊಡ್ಲಿಕ್ಕಿಲ್ಲ."

ಅವರು ಮುಚ್ಚಳ ಹಾಕಲಿಲ್ಲ. ನಾನು ಗುಂಡಿಯ ಪಕ್ಕದಲ್ಲೇ ಕೈ ಇಟ್ಟುಕೊಂಡು ಕುಳಿತೆ. ಅಲ್ಲಿ ಬಿಸಿಲು ಚಂದ್ರಹಾಸನ ಗಡ್ಡದಿಂದ ಕಿವಿಗೆ, ಕಿವಿಯಿಂದ ಹಾಯಿಯ ತುದಿಗೆ ಏರುತ್ತ ಹೋಯಿತು. ತೆಪ್ಪದಲ್ಲಿ ಇಂಚರ ಅತ್ತು ಸುಸ್ತಾಗಿ ಸುಮ್ಮನಾಗಿದ್ದಳು. ಅವಳ ಪುಟ್ಟ ತಲೆ ಮಾತ್ರ ಅಲೆಯೊಂದಿಗೆ ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ನೋಡಿದಾಗ ನನ್ನ ಬೆರಳು ತಾನಾಗಿ ಗುಂಡಿಯ ಮೇಲೆ ಹೋಯಿತು. ಸಾಕು, ಒತ್ತಿಬಿಡುತ್ತೇನೆ, ಮಗು ಬದುಕಲಿ ಎನಿಸಿತು. ಎಮ್ಮೆ ಇನ್ನೊಂದು ಸಿಕ್ಕೀತು. ಹಾಗೆ ಅನಿಸಿದ್ದು ನಿಜ.

"ಮ್ಯಾಡಂ," ಎಂದಳು ಫರ್ಹಾನಾ. "ಒಂಚೂರು ನಿಲ್ಲಿ. ಅಲ್ಲಿ ನೋಡಿ."

ಬಲಗಡೆಯ ಗೆರೆ ನಡುಗುತ್ತಿತ್ತು. ಒಮ್ಮೆ ಕೆಳಗಿಳಿಯಿತು. ಆಮೇಲೆ ನಿಧಾನವಾಗಿ, ಮೆಟ್ಟಿಲು ಹತ್ತುವ ಮುದುಕಿಯ ಹಾಗೆ ನಿಂತು ನಿಂತು, ಮೇಲೆ ಬಂತು. ಅರ್ಧ ದಾಟಿತು. ಅಲ್ಲಿನ ಸೂರ್ಯ ಮುಳುಗುವಾಗ ಇನ್ನೂ ಏರುತ್ತಲೇ ಇತ್ತು.

ಹಂದೆಯವರು ಗಾಜಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಜೋಪಾನವಾಗಿ ಮುಚ್ಚಿದರು. ಹೊರಗೆ ಹೋಗಿ, ಜಗಲಿಯಲ್ಲಿ ನಿಂತು ಬಹಳ ಹೊತ್ತು ಮೂಗು ಒರೆಸಿಕೊಂಡರು. ನಾನು ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಪರದೆಯ ಆ ಕಡೆಯಿಂದ ಚಂದ್ರಹಾಸ, "ಹೇಳ್ಲಿಲ್ಯಾ ನಾನ್, ಹೆದ್ರ್‌ಬೇಡ ಅಂದೇಳಿ" ಅನ್ನುತ್ತಿದ್ದ. ಅವನ ಗಡ್ಡವೆಲ್ಲ ಒದ್ದೆಯಾಗಿತ್ತು.

ನೀಲವ್ವ ಚೇತರಿಸಿಕೊಂಡಿತು. ಕೊಯ್ದ ಜಾಗದಲ್ಲಿ ಹೊಸ ಚಿಪ್ಪು ಕಟ್ಟಿತು. ಹೆಬ್ಬೆರಳಿನಿಂದ ಒತ್ತಿದರೆ ಬೆರಳೇ ನೋಯುವಷ್ಟು ಬಲಗಡೆಯ ಗೋಡೆ ಗಟ್ಟಿಯಾಯಿತು. ಸೇಶೆಲ್ಸ್ ಮುಟ್ಟಿದರು, ನೀರು ತುಂಬಿಸಿಕೊಂಡು ಜಾಂಜಿಬಾರಿನ ಕಡೆ ಹೊರಟರು. ಇಂಚರ ಮತ್ತೆ ಗೋಡೆಗೆ ಕಿವಿ ಹಚ್ಚಿದಳು. ಆದರೆ ಅತ್ತೆ ಬದಲಾಗಿದ್ದರು. ತೊಟ್ಟಿಯ ಹತ್ತಿರ ಸುಳಿಯುತ್ತಿರಲಿಲ್ಲ. ಬೆಳಿಗ್ಗೆ ಗಂಜಿ ಬೇಯಿಸಿ ಮಗನಿಗೂ ಮೊಮ್ಮಗಳಿಗೂ ಬಡಿಸಿ, ತಾವು ಮಾತ್ರ ಉಪವಾಸ ಹಿಡಿದವರಂತೆ ಒಂದು ಲೋಟ ಚಹಾ ಕುಡಿದು ಏಳುತ್ತಿದ್ದರು. ಮುತ್ತುಗಳನ್ನು ಒಂದು ಬಟ್ಟೆಯಲ್ಲಿ ಗಂಟುಕಟ್ಟಿ ಒಣಮೀನಿನ ಡಬ್ಬಿಯ ಹಿಂದೆ ತಳ್ಳಿದ್ದರು. ಅಜ್ಜಿಗೆ ಅವನ್ನು ನೋಡಲೂ ಇಷ್ಟವಿಲ್ಲ ಎಂದು ಇಂಚರ ಹೇಳಿದಳು.

ನಾವು ಕೊಠಡಿಯಲ್ಲಿ ಬೇರೆಯದನ್ನು ನೋಡುತ್ತಿದ್ದೆವು. ಗಂಜಿ ನಿಂತಿತ್ತು, ಆದರೆ ಬೆಳಗಿನ ಡುಬ್ಬ ನಿಂತಿರಲಿಲ್ಲ. ಅತ್ತೆ ಬಡಿಸುವಾಗ ಸೌಟು ಪಾತ್ರೆಯ ಅಂಚಿಗೆ ತಾಗುತ್ತದೆ. ಆ ಸದ್ದು ನೆಲದಿಂದ ಚಿಪ್ಪಿಗೆ ಮುಟ್ಟುತ್ತದೆ. ಸದ್ದಾದ ಕೂಡಲೇ ಎರಡೂ ಗೆರೆಗಳು ಏಳುತ್ತಿದ್ದವು. ನೀಲವ್ವ ಮೈಯೆಲ್ಲ ಬಾಯಿ ತೆರೆದು ಕಾಯುತ್ತಿತ್ತು. ಏನೂ ಬರುತ್ತಿರಲಿಲ್ಲ. ಇನ್ನೂ ಕಾಯುತ್ತಿತ್ತು. ಆಮೇಲೆ ಮೆಲ್ಲನೆ ಮುಚ್ಚಿಕೊಳ್ಳುತ್ತಿತ್ತು. ಮೊದಲ ದಿನ ನೋಡಿ ನಾನು ಸುಮ್ಮನಿದ್ದೆ. ಮಿದುಳೇ ಇಲ್ಲದ ಪೊರೆ ಇದು, ಅಭ್ಯಾಸಬಲ ಎಂದುಕೊಂಡೆ. ಮರುದಿನವೂ ಕಾದಿತು. ಅದರ ಮರುದಿನ ಹಂದೆಯವರು ಗೆರೆ ಮುಚ್ಚಿಕೊಳ್ಳುವುದನ್ನು ಪೂರ್ತಿ ನೋಡಿ, "ಪಾಪ" ಎಂದು ಹೇಳಿ ಎದ್ದು ಹೋದರು. ಅವರ ಬಾಯಲ್ಲಿ ಆ ಶಬ್ದ ನಾನು ಕೇಳಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ನಾನೇ ಬೇಗ ಕರೆ ಮಾಡಿದೆ. ಅತ್ತೆ ಆಗ ಬಡಿಸಲು ಕುಳಿತಿದ್ದರು.

"ಅತ್ತೀ, ಸೌಟಿನ ಸಪ್ಪಳ ಕೇಳಿ ಅದು ಬಾಯಿ ತಕ್ಕೊಂಡು ಕಾಯಾಕತ್ತೈತ್ರಿ. ದಿನಾ ಕಾಯ್ತೈತಿ."

ಅತ್ತೆ ಸೌಟನ್ನು ಕೆಳಗಿಟ್ಟರು. "ನಾ ಹೊಯ್ತಿಲ್ಲೆ ಮಗಾ. ಒಂದ್ ಸಲ ಕೊಂದದ್ದ್ ಸಾಲ್ದಾ?"

"ನೀವು ಕೊಂದಿಲ್ಲ. ಸೋಸದ ಹಾಕಿದ್ರಿ, ಅಷ್ಟ. ಅರಿವ್ಯಾಗ ಸೋಸಿ ತಿಳಿ ಒಂದ ಹಾಕ್ರಿ. ಎಡ ಮಗ್ಗಲ ನೋಡೀವಿ ನಾವು, ಗಂಜಿ ತಿಳಿ ಅದಕ್ಕ ಒಗ್ಗೈತಿ."

ಅವರು ನಂಬಲಿಲ್ಲ. ಮಗನ ಕಡೆ ನೋಡಿದರು. ಚಂದ್ರಹಾಸ ಎದ್ದು ತನ್ನ ಬಿಳಿ ಪಂಚೆಯಿಂದ ಒಂದು ತುಂಡು ಹರಿದು ಅಮ್ಮನ ಕೈಗೆ ಕೊಟ್ಟ. ಅತ್ತೆ ಅದನ್ನು ಎರಡು ಮಡಿಕೆ ಮಾಡಿ, ಗಂಜಿ ಸುರಿದು, ಹಿಂಡಿ, ಒಂದು ಅಗಳೂ ಇಳಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತೊಟ್ಟಿಯ ಮುಚ್ಚಳ ತೆಗೆದು, ಒಂದು ಸೌಟು ತಿಳಿ ಹೊಯ್ದರು.

ಗೆರೆಗಳೆರಡೂ ಒಟ್ಟಿಗೆ ಎದ್ದವು. ಎದ್ದು ನಿಂತವು. ಫರ್ಹಾನಾ ಚಪ್ಪಾಳೆ ತಟ್ಟಿದಳು.

"ಕುಡಿಯಾಕತ್ತೈತ್ರಿ ಅತ್ತೀ," ಎಂದೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಯನ್ನು ಸವರಿದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಹಳೆಯ ಬೇಬಿಯಮ್ಮ ಕಂಡರು. "ಕೇಂಬುದೇ ಮರ್ತಿದೆ ಹೆಣ್ಣೇ. ಈ ನೀಲವ್ವ ಎಂತ ದೇವ್ರ್? ನಿಮ್ ಊರಲ್ಲ್ ಎಂತ ನೈವೇದ್ಯ ಮಾಡ್ತ್ರ್?"

ಇನ್ನು ಬಚ್ಚಿಟ್ಟು ಫಲವಿರಲಿಲ್ಲ.

"ದೇವ್ರಲ್ರಿ ಅತ್ತೀ. ನಮ್ಮ ಮನಿ ಎಮ್ಮಿ."

ಚಂದ್ರಹಾಸನ ಬಾಯಲ್ಲಿದ್ದ ಗಂಜಿ ಹೊರಗೆ ಬಂತು. ಇಂಚರ ಕಣ್ಣು ಅಗಲಿಸಿದಳು. ಅತ್ತೆ ನನ್ನನ್ನೇ ನೋಡಿದರು. ಕುಂಕುಮ, ಕೈ ಮುಗಿದದ್ದು ಎಲ್ಲ ಅವರಿಗೆ ನೆನಪಾಗುತ್ತಿದೆ ಎಂದು ನನಗೆ ಗೊತ್ತಾಯಿತು. ಬೈಗುಳಕ್ಕೆ ಸಿದ್ಧಳಾಗಿ ಕುಳಿತೆ.

"ಮೊದ್ಲೇ ಹೇಳುಕ್ ಆಪುದಿಲ್ದಾ ಹೆಣ್ಣೇ?" ಅಂದರು ಅತ್ತೆ. "ಎಮ್ಮೆ ಹೊಟ್ಟೆಗೆ ಒಂದ್ ಸೌಟ್ ಎಲ್ಲಿ ಸಾಕಾತ್ತ್?"

ಅಷ್ಟು ಹೇಳಿ, ಪಂಚೆಯ ತುಂಡನ್ನು ಮತ್ತೆ ಹರವಿ, ಎರಡನೆಯ ಸೌಟು ಸೋಸತೊಡಗಿದರು.